ಬೆಂಕಿ ಬೀಳುವ ಮೊದಲೇ ತೋಡಿಟ್ಟ ಬಾವಿ

ಮಾಲ್‌ಗೋ ಆಸ್ಪತ್ರೆಗೋ ಹೋದಾಗ ಒಮ್ಮೆ ತಲೆಯೆತ್ತಿ ಸೂರನ್ನು ನೋಡಿ. ಅಲ್ಲಲ್ಲಿ ಹಿತ್ತಾಳೆಯದೋ ಬೆಳ್ಳಿ ಬಣ್ಣದ್ದೋ ಒಂದು ಪುಟ್ಟ ಮೂತಿ ಕೆಳಗೆ ಇಣುಕುತ್ತಿರುತ್ತದೆ. ಅದರ ನಡುವೆ ಮಲ್ಲಿಗೆ ಮೊಗ್ಗಿನಷ್ಟು ಉದ್ದದ ಒಂದು ಗಾಜಿನ ಕೊಳವೆ, ಒಳಗೆ ಕೆಂಪು ದ್ರವ, ಆ ದ್ರವದಲ್ಲಿ ಒಂದು ಸಣ್ಣ ಗುಳ್ಳೆ. ಅದೇ ಸ್ಪ್ರಿಂಕ್ಲರ್. ಕೆಳಗಡೆ ಬೆಂಕಿ ಹೊತ್ತಿ ಸೂರಿನ ಹತ್ತಿರದ ಗಾಳಿ ಕಾದಾಗ ದ್ರವ ಹಿಗ್ಗುತ್ತದೆ, ಗುಳ್ಳೆಯ ಜಾಗವನ್ನೂ ತುಂಬುತ್ತದೆ, ಆಮೇಲೆ ಹಿಗ್ಗಲು ಜಾಗವಿಲ್ಲದೆ ಗಾಜನ್ನೇ ಒಡೆಯುತ್ತದೆ. ಗಾಜು ಹೋದರೆ ಮುಚ್ಚಳ ಹೋಯಿತು, ನೀರು ಬಂತು. ಕೆಂಪು ದ್ರವ ಒಡೆಯುವುದು 68 ಡಿಗ್ರಿ ಸೆಲ್ಸಿಯಸ್‌ಗೆ. ಕಿತ್ತಳೆ ಬಣ್ಣದ್ದು 57ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ. ದೊಡ್ಡ ಒಲೆಗಳಿರುವ ಅಡುಗೆಮನೆಗಳಲ್ಲಿ, ಮೊದಲೇ ಸೆಕೆಯಿರುವ ಕಡೆಗಳಲ್ಲಿ ಕೆಂಪು ಹಾಕದೆ ಮೇಲಿನ ಬಣ್ಣಗಳನ್ನು ಹಾಕುತ್ತಾರೆ. ಮುಂದಿನ ಸಲ ಬಣ್ಣ ನೋಡಿ ನೀವೇ ಡಿಗ್ರಿ ಹೇಳಬಹುದು.

ಸಿನಿಮಾದಲ್ಲಿ ಒಬ್ಬ ಬೆಂಕಿಕಡ್ಡಿ ಗೀರಿ ಮೇಲಕ್ಕೆ ಹಿಡಿಯುತ್ತಾನೆ, ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ. ಸಾಮಾನ್ಯ ಸ್ಪ್ರಿಂಕ್ಲರಿನಲ್ಲಿ ಹಾಗಾಗುವುದಿಲ್ಲ. ಯಾವ ಮೂತಿ ಕಾಯಿತೋ ಅದೊಂದೇ ತೆರೆದುಕೊಳ್ಳುತ್ತದೆ, ಪಕ್ಕದ ಕೋಣೆಯದು ಸುಮ್ಮನಿರುತ್ತದೆ. ಹೊಗೆಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಅಜ್ಜಿಯ ಸಾಂಬ್ರಾಣಿ ಧೂಪಕ್ಕೆ ಹೆದರಬೇಕಿಲ್ಲ.

ಇಷ್ಟನ್ನು ಶಾಲೆಯಲ್ಲೂ ಹೇಳಿಕೊಡುತ್ತಾರೆ. ನನ್ನ ಕುತೂಹಲ ಬೇರೆ. ಆ ಮೂತಿಗೆ ನೀರು ಎಲ್ಲಿಂದ ಬರುತ್ತದೆ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ಬೆಂಗಳೂರಿನಲ್ಲಿ ಮಗನ ಜೊತೆ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಇದ್ದೇನೆ. ಬೆಳಗಿನ ವಾಕಿಂಗ್ ಮುಗಿದರೆ ಬೇರೆ ಕೆಲಸವಿಲ್ಲ. ಹಾಗಾಗಿ ನೆಲಮಾಳಿಗೆಯ ಪಂಪ್ ಕೋಣೆಗೆ ಹೋಗಿ ಕೂರುವ ಅಭ್ಯಾಸವಾಯಿತು. ಸೂರಿನ ಮೂತಿ ಬರೀ ಬಾಯಿ, ಹೊಟ್ಟೆಯೂ ಹೃದಯವೂ ಇರುವುದು ಕೆಳಗೆ.

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಗಾದೆ ನಿಮಗೆ ಗೊತ್ತು. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಬಾವಿಯಿಂದ ಬಣವೆಯವರೆಗೆ ಜನ ಸಾಲಾಗಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬಾವಿ ಹತ್ತಿರವಿದ್ದ ಬಣವೆ ಉಳಿಯುತ್ತಿತ್ತು, ದೂರದ್ದು ಬೂದಿ. ಹದಿನಾಲ್ಕನೇ ಮಹಡಿಗೆ ಕೊಡ ದಾಟಿಸುವ ಸಾಲು ಎಲ್ಲಿಂದ ತರುವುದು? ಅದಕ್ಕಾಗಿಯೇ ಕಟ್ಟಡ ಕಟ್ಟುವಾಗಲೇ ಒಂದು ಬಾವಿಯನ್ನೂ ದಣಿಯದ ಕೆಲವು ಕೈಗಳನ್ನೂ ಒಳಗೆ ಸೇರಿಸಿ ಕಟ್ಟಬೇಕು.

ಇಂಥ ಬಾವಿಯನ್ನು ಕಟ್ಟಡದ ಜೊತೆಗೇ ಯೋಚಿಸಿದ ಮೊದಲಿಗರಲ್ಲಿ ಒಬ್ಬನಿಗೆ ನಮ್ಮ ಶ್ರೀರಂಗಪಟ್ಟಣದ ನಂಟಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಇಂಗ್ಲಿಷರು ತಮ್ಮ ದೇಶಕ್ಕೆ ಸಾಗಿಸಿದರು. ಲಂಡನ್ ಬಳಿಯ ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಆ ವಿದ್ಯೆಯನ್ನು ಬೆಳೆಸಿ ತನ್ನದೇ ಹೆಸರಿನ ರಾಕೆಟ್ ಮಾಡಿದ. ಇದು ಪಠ್ಯಪುಸ್ತಕದಲ್ಲೂ ಬರುವ ವಿಷಯ. ಬರದಿರುವುದು ಮುಂದಿನದು. 1809ರ ಫೆಬ್ರವರಿಯಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿ 1812ರಲ್ಲಿ ತೆರೆದಾಗ, ಬೆಂಕಿ ಆರಿಸುವ ಏರ್ಪಾಟು ಮಾಡಿದವನು ಇದೇ ಕಾಂಗ್ರೀವ್! ಗಾಳಿಯಾಡದ ಒಂದು ದೊಡ್ಡ ಉರುಟು ತೊಟ್ಟಿ. ಅದರಿಂದ ಹತ್ತಂಗುಲದ ಕೊಳವೆ. ಆ ಕೊಳವೆಗೆ ಕವಲುಗಳು, ಕವಲುಗಳಿಗೆ ಅರ್ಧ ಅಂಗುಲದ ತೂತುಗಳು. ಬೆಂಕಿ ಬಿದ್ದರೆ ಯಾರಾದರೂ ಕವಾಟ ತಿರುಗಿಸಬೇಕು, ತೂತುಗಳಿಂದ ನೀರು ಸುರಿಯಬೇಕು. ಬೆಂಕಿ ಹಾರಿಸುವುದನ್ನು ಕಲಿತವನೇ ಬೆಂಕಿ ಆರಿಸುವುದಕ್ಕೂ ಕೈಹಾಕಿದ್ದು ನನಗೆ ತುಂಬಾ ಹಿಡಿಸಿದ ಸಂಗತಿ.

ಅವನ ತೊಟ್ಟಿಯಲ್ಲಿ ಹಿಡಿಯುತ್ತಿದ್ದ ನೀರು ಸುಮಾರು 95,000 ಲೀಟರ್. ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ಬೆಂಕಿ ತೊಟ್ಟಿಯ ಮೇಲೆ ಬರೆದಿರುವುದು 75,000. ಇನ್ನೂರು ವರ್ಷದಲ್ಲಿ ಮನುಷ್ಯ ಚಂದ್ರನಿಗೆ ಹೋಗಿ ಬಂದ, ಬೆಂಕಿಗೆ ಬೇಕಾದ ನೀರಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದೆ.

ತಾನಾಗಿ ತೆರೆದುಕೊಳ್ಳುವ ಮೂತಿ ಬಂದದ್ದು ಆಮೇಲೆ. 1874ರಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಹೆನ್ರಿ ಪಾರ್ಮಲಿ ತನ್ನ ಪಿಯಾನೋ ಕಾರ್ಖಾನೆಗೆ ಅದನ್ನು ಹಾಕಿಕೊಂಡ. ಅದರಲ್ಲಿ ಗಾಜಿಲ್ಲ, ಬಿಸಿಗೆ ಕರಗುವ ಬೆಸುಗೆ ಇತ್ತು. ಗಾಜು ಇನ್ನೂ ನಂತರದ್ದು.

ಈಗ ನಮ್ಮ ಪಂಪ್ ಕೋಣೆಗೆ ಬನ್ನಿ.

ಮೊದಲ ಪ್ರಶ್ನೆಯನ್ನು ನನ್ನ ಮೊಮ್ಮಗಳೇ ಕೇಳಿದ್ದಳು. “ತಾತ, ಟೆರೇಸಿನ ಮೇಲೆ ಟ್ಯಾಂಕ್ ಇದೆಯಲ್ಲ, ಅದರಿಂದಲೇ ನೀರು ಇಳಿದು ಬರಲಿ. ಪಂಪ್ ಯಾಕೆ?” ಒಳ್ಳೆಯ ಪ್ರಶ್ನೆ. ನೀರಿಗೆ ಒತ್ತಡ ಬರುವುದು ಎತ್ತರದಿಂದ. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸುಮಾರು ಒಂದು ಬಾರ್ ಒತ್ತಡ. ಒಂದು ಬಾರ್ ಎಂದರೆ ಎಷ್ಟು? ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಒಳಗೆ ಸೇರಿಕೊಳ್ಳುವ ಹೆಚ್ಚುವರಿ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಟೆರೇಸಿನ ತೊಟ್ಟಿಯಿಂದ ನೆಲಮಹಡಿಗೆ 40 ಮೀಟರಿಗಿಂತ ಹೆಚ್ಚು, ನಾಲ್ಕು ಕುಕ್ಕರಿನ ಒತ್ತಡ ಸಿಕ್ಕಿತು. ಆದರೆ ಹದಿನಾಲ್ಕನೇ ಮಹಡಿಯ ಸೂರು ತೊಟ್ಟಿಯ ತಳಕ್ಕಿಂತ ಒಂದೆರಡು ಮೀಟರ್ ಮಾತ್ರ ಕೆಳಗಿದೆ. ಅಲ್ಲಿ ನೀರು ತೊಟ್ಟಿಕ್ಕೀತೇ ಹೊರತು ಛತ್ರಿಯ ಹಾಗೆ ಹರಡಿಕೊಂಡು ಸುರಿಯದು. ಬೆಂಕಿಯ ಬಿಸಿಗಾಳಿ ಮೇಲಕ್ಕೆ ನುಗ್ಗುತ್ತಿರುತ್ತದೆ, ಅದನ್ನು ಸೀಳಿಕೊಂಡು ನೀರಿನ ಹನಿ ಕೆಳಗಿಳಿಯಬೇಕು. ಮೇಲಿನ ಮನೆಗಳಲ್ಲಿ ಶವರ್ ಸಣ್ಣಗೆ ಬರುತ್ತದೆ ಎಂಬ ದೂರು ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಇದೆಯಲ್ಲ, ಕಾರಣ ಅದೇ. ಸ್ನಾನಕ್ಕೆ ಸಣ್ಣಗೆ ಬಂದರೆ ಸಹಿಸಿಕೊಳ್ಳಬಹುದು.

ಸಾಧಾರಣ ಮೂತಿಯೊಂದಕ್ಕೆ ಒಂದು ಬಾರ್ ಒತ್ತಡ ಸಿಕ್ಕರೆ ನಿಮಿಷಕ್ಕೆ 80 ಲೀಟರ್ ನೀರು ಬರುತ್ತದೆ. ನಾಲ್ಕು ಮೂತಿ ತೆರೆದರೆ 320. ಇದಲ್ಲದೆ ಅಗ್ನಿಶಾಮಕ ದಳದವರು ಬಂದು ಮಹಡಿಗಳಲ್ಲಿರುವ ಕೆಂಪು ಪೆಟ್ಟಿಗೆಯ ಮೆದುಗೊಳವೆಗಳನ್ನೂ ಬಿಚ್ಚಿದರೆ ಇನ್ನೂ ಬಹಳ ಬೇಕು. ಅದಕ್ಕೇ ನಮ್ಮ ದೊಡ್ಡ ಪಂಪಿನ ತಗಡಿನ ಮೇಲೆ ಬರೆದಿರುವ ಸಂಖ್ಯೆ ನಿಮಿಷಕ್ಕೆ 2280 ಲೀಟರ್. ನಮ್ಮ ದೇಶದ ಎತ್ತರದ ಕಟ್ಟಡಗಳ ಪಂಪ್ ಕೋಣೆಗಳಲ್ಲಿ ಈ ಸಂಖ್ಯೆ ಮತ್ತೆಮತ್ತೆ ಕಾಣುತ್ತದೆ, ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಅಳತೆ ಅದು. ಸ್ನಾನದ ಬಕೆಟ್ 15 ಲೀಟರಿನದು ಎಂದುಕೊಳ್ಳಿ, ಒಂದು ನಿಮಿಷಕ್ಕೆ 152 ಬಕೆಟ್! ಹಾಗಾದರೆ 75,000 ಲೀಟರ್ ಎಷ್ಟು ಹೊತ್ತು ಬರುತ್ತದೆ? ಭಾಗಾಕಾರ ನೀವೇ ಮಾಡಿ. ಪಂಪ್ ಪೂರ್ತಿ ಜೋರಿನಲ್ಲಿ ಓಡಿದರೆ 33 ನಿಮಿಷವೂ ಪೂರ್ತಿ ಆಗದು. ನಾಲ್ಕೇ ಮೂತಿಗಾದರೆ ನಾಲ್ಕು ಗಂಟೆಯ ಹತ್ತಿರ. ಬೆಂಕಿಯನ್ನು ಚಿಕ್ಕದಿದ್ದಾಗಲೇ ಹಿಡಿದರೆ ನೀರು ಎಷ್ಟು ಉಳಿಯುತ್ತದೆ ನೋಡಿ.

ಪಂಪ್ ಒಂದಲ್ಲ, ಮೂರು. ಎಲ್ಲಕ್ಕಿಂತ ಚಿಕ್ಕದರ ಹೆಸರು ಜಾಕಿ, ನಿಮಿಷಕ್ಕೆ 180 ಲೀಟರ್. ಕೊಳವೆಗಳಲ್ಲಿ ಸದಾ ನೀರು ತುಂಬಿ ಬಿಗಿಯಾಗಿರಬೇಕು, ಎಲ್ಲೋ ಒಂದು ಕೀಲು ಸ್ವಲ್ಪ ಜಿನುಗಿದರೂ ಒತ್ತಡ ಇಳಿಯುತ್ತದೆ. ಜಾಕಿ ಅದನ್ನು ಗಮನಿಸಿ, ಒಂದಿಷ್ಟು ಹೊತ್ತು ಓಡಿ, ಒತ್ತಡ ಸರಿಮಾಡಿ ತಾನೇ ನಿಲ್ಲುತ್ತದೆ. ರಾತ್ರಿ ಎದ್ದು ಮೊಮ್ಮಕ್ಕಳ ಹೊದಿಕೆ ಸರಿಮಾಡುವ ಅಜ್ಜಿಯ ಹಾಗೆ. ಆದರೆ ಮೂತಿ ಒಡೆದು ನೀರು ಸುರಿಯತೊಡಗಿದರೆ ಒತ್ತಡ ಸರ್ರನೆ ಇಳಿಯುತ್ತದೆ, ಜಾಕಿಯ ಕೈಲಾಗುವುದಿಲ್ಲ. ಆಗ ಕರೆಂಟಿನ ದೊಡ್ಡ ಪಂಪ್ ಏಳುತ್ತದೆ. ಒಮ್ಮೆ ಎದ್ದರೆ ಅದನ್ನು ಮನುಷ್ಯರೇ ಬಂದು ನಿಲ್ಲಿಸಬೇಕು. ಬೆಂಕಿ ಆರಿತೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟಿಲ್ಲ, ಸರಿಯಾದದ್ದೇ.

ಮೂರನೆಯದು ಡೀಸೆಲ್ ಪಂಪ್, ದೊಡ್ಡದರಷ್ಟೇ ಬಲದ್ದು. ಬೆಂಕಿ ಬಿದ್ದ ಕಟ್ಟಡದಲ್ಲಿ ಮೊದಲು ಮಾಡುವ ಕೆಲಸ ಕರೆಂಟ್ ತೆಗೆಯುವುದು. ಪಂಪಿಗೆ ಬೇರೆಯೇ ತಂತಿ ಎಳೆದಿರಬೇಕು ಎಂಬ ನಿಯಮವಿದ್ದರೂ ಊರಿಗೇ ಕರೆಂಟ್ ಹೋದರೆ ಏನು ಗತಿ? ಆಗ ತನ್ನದೇ ಬ್ಯಾಟರಿ, ತನ್ನದೇ ಎಣ್ಣೆ ಇಟ್ಟುಕೊಂಡ ಡೀಸೆಲ್ ಪಂಪ್ ಎದ್ದು ಗುಡುಗುತ್ತದೆ.

ತೋಟಕ್ಕೆ ನೀರು ಹಾಯಿಸಿದ ಅಜ್ಜಂದಿರಿಗೆ ಇನ್ನೊಂದು ಗುಟ್ಟು ಗೊತ್ತು. ಬಾವಿ ಕಟ್ಟೆಯ ಪಂಪ್‌ಸೆಟ್ಟಿನೊಳಗೆ ಗಾಳಿ ಸೇರಿದ್ದರೆ ಎಷ್ಟು ತಿರುಗಿದರೂ ಹನಿ ನೀರು ಬಾರದು. ಒಂದು ಬಿಂದಿಗೆ ನೀರು ಹೊಯ್ದು ಗಾಳಿ ಹೊರಡಿಸಬೇಕು. ಬೆಂಕಿಯ ಹೊತ್ತಿನಲ್ಲಿ ಬಿಂದಿಗೆ ಹಿಡಿದು ನಿಲ್ಲುವವರಾರು? ಅದಕ್ಕೇ ಒಳ್ಳೆಯ ಕಟ್ಟಡಗಳಲ್ಲಿ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುತ್ತಾರೆ, ನೀರು ತಾನಾಗಿ ಬಂದು ಪಂಪಿನ ಹೊಟ್ಟೆ ತುಂಬಿಕೊಂಡಿರುತ್ತದೆ. ನಮ್ಮ ಪಂಪ್ ಕೋಣೆಗೆ ಆರು ಮೆಟ್ಟಿಲು ಇಳಿದು ಹೋಗಬೇಕಾಗಿರುವುದು ಇದೇ ಕಾರಣಕ್ಕೆ. ಮಂಡಿನೋವಿನವನಿಗೆ ಅದು ಕಷ್ಟವೇ, ಆದರೆ ದೂರಲಾರೆ.

ಮಕ್ಕಳಿಗೆ ಇಷ್ಟವಾಗುವ ವಸ್ತು ಗೋಡೆಯ ಮೇಲಿದೆ. ಕೆಂಪು ಬಣ್ಣದ ಗುಂಡಗಿನ ಗಂಟೆ. ಕೊಳವೆಯಲ್ಲಿ ನೀರು ಹರಿಯತೊಡಗಿದರೆ ಅದರ ಒಂದು ಕವಲು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಗಂಟೆ ಬಾರಿಸುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಜಲಚಕ್ರವೇ ಕಾವಲುಗಾರ.

ಇನ್ನು ಜಗಳದ ವಿಷಯ. 2024ರ ಬೇಸಿಗೆ ಬೆಂಗಳೂರಿನವರು ಮರೆಯುವ ಹಾಗಿಲ್ಲ. ಮಾರ್ಚ್‌ನಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ನಮ್ಮಲ್ಲೂ ಬೋರ್ ನಿಂತಿತು, ಟ್ಯಾಂಕರಿನವರು ಫೋನ್ ಎತ್ತುತ್ತಿರಲಿಲ್ಲ. ಒಂದು ಭಾನುವಾರ ಸಭೆ ಸೇರಿತು. ಒಬ್ಬರು ಎದ್ದು, “ಕೆಳಗೆ 75,000 ಲೀಟರ್ ನೀರು ಸುಮ್ಮನೆ ಕೊಳೆಯುತ್ತಿದೆ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಬೆಂಕಿ ಬಿದ್ದಿದೆಯೇ? ಅದನ್ನು ಮೇಲೆ ಹತ್ತಿಸಿ. ಮಳೆ ಬಂದ ಮೇಲೆ ತುಂಬಿಸಿದರಾಯಿತು” ಎಂದರು. ಚಪ್ಪಾಳೆ ಬಿತ್ತು. ಅವರನ್ನು ದೂಷಿಸಲಾರೆ. ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯಿದ್ದಾರೆ, ನೀರಿಲ್ಲದ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಸೀಮೆಸುಣ್ಣ ಹಿಡಿದು ಅಭ್ಯಾಸವಾದವನು, ಸಭೆಯ ಬೋರ್ಡಿನ ಮೇಲೆ ಲೆಕ್ಕ ಬರೆದೆ. ನಮ್ಮಲ್ಲಿ 96 ಮನೆ. 75,000ವನ್ನು 96ರಿಂದ ಭಾಗಿಸಿದರೆ ಮನೆಗೆ ಸುಮಾರು 780 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಅಳತೆ, ನಾಲ್ಕು ಜನರಿಗೆ 540. ಅಂದರೆ ಇಡೀ ತೊಟ್ಟಿ ಬರಿದು ಮಾಡಿದರೆ ನಮಗೆ ಸಿಗುವುದು ಒಂದೂವರೆ ದಿನದ ನೀರು! 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡೂವರೆ. ಮಂಗಳವಾರ ಬೆಳಗ್ಗೆ ಮತ್ತೆ ಇದೇ ಸಭೆ ಸೇರಬೇಕು, ಆಗ ತೊಟ್ಟಿಯೂ ಖಾಲಿ. ಅದೂ ಬೇಸಿಗೆಯಲ್ಲಿ, ಎಲ್ಲ ಮನೆಗಳಲ್ಲೂ ಎ.ಸಿ. ಓಡುವ, ತಂತಿಗಳು ಬಿಸಿಯಾಗುವ ಕಾಲದಲ್ಲಿ.

ಲೆಕ್ಕಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಭೆಯನ್ನು ತಿರುಗಿಸಿದ್ದು ಆರನೇ ಮಹಡಿಯ ಒಬ್ಬ ಅಜ್ಜಿ. “ನಮ್ಮೂರಲ್ಲಿ ಎಂಥ ಬರ ಬಂದರೂ ಬಿತ್ತನೆ ಭತ್ತ ಕುಟ್ಟಿ ಉಣ್ಣುತ್ತಿರಲಿಲ್ಲ” ಎಂದಷ್ಟೇ ಹೇಳಿ ಕೂತರು. ಬೆಂಕಿ ನೀರು ಮುಟ್ಟುವುದಿಲ್ಲ, ಮನೆಗಳಿಗೆ ಬೆಳಗ್ಗೆ ಸಂಜೆ ಎರಡೆರಡು ಗಂಟೆ ಮಾತ್ರ ನೀರು ಬಿಡುವುದು ಎಂದು ತೀರ್ಮಾನವಾಯಿತು. ತಾಯಿಯಿದ್ದ ಆ ಮನೆಗೆ ಅಕ್ಕಪಕ್ಕದವರು ದಿನಕ್ಕೆರಡು ಬಕೆಟ್ ಕೊಟ್ಟರು.

ನೀರು ಕೊಳೆಯುತ್ತದೆ ಎಂಬ ಮಾತಿಗೆ ಉತ್ತರ ಹೇಳಬೇಕು. ಸರಿಯಾಗಿ ಕಟ್ಟಿದ ಕಟ್ಟಡದಲ್ಲಿ ಹೊರಗಿನ ನೀರು ಮೊದಲು ಬೆಂಕಿ ತೊಟ್ಟಿಗೆ ಬೀಳುತ್ತದೆ. ಅದು ತುಂಬಿ ತುಳುಕಿದ್ದು ಪಕ್ಕದ ಮನೆಬಳಕೆ ತೊಟ್ಟಿಗೆ ಹೋಗುತ್ತದೆ. ಬೆಂಕಿಯ ಪಾಲು ಸದಾ ತುಂಬಿರುತ್ತದೆ, ನೀರೂ ಬದಲಾಗುತ್ತಿರುತ್ತದೆ. ತೊಟ್ಟಿಯನ್ನು ಎರಡು ಭಾಗ ಮಾಡಿರುವುದರಿಂದ ತೊಳೆಯುವಾಗ ಒಂದು ಭಾಗವಾದರೂ ತುಂಬಿರುತ್ತದೆ. ಇದನ್ನು ಯೋಚಿಸಿದ ಇಂಜಿನಿಯರ್ ಯಾರೋ ಗೊತ್ತಿಲ್ಲ, ಸಿಕ್ಕರೆ ಕಾಫಿ ಕೊಡಿಸುತ್ತೇನೆ.

ನೀರಿನ ದಾರಿ ಕಡಿದುಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯಾದ ಒಂದು ರಾತ್ರಿಯ ಕಥೆ ಹೇಳುತ್ತೇನೆ. 1991ರ ಫೆಬ್ರವರಿ 23. ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡ. 22ನೇ ಮಹಡಿಯಲ್ಲಿ ಮರದ ಕೆಲಸಕ್ಕೆ ಬಳಸಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳು ತಾವಾಗಿ ಬಿಸಿಯೇರಿ ಹೊತ್ತಿಕೊಂಡವು. ಹೌದು, ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ಕಡ್ಡಿ ಗೀರದೆಯೂ ಹೊತ್ತಬಲ್ಲದು. ಆ ಮಹಡಿಯಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಕರೆಂಟ್ ಹೋಯಿತು, ತುರ್ತು ಜನರೇಟರ್ ಕೆಲಸ ಮಾಡಲಿಲ್ಲ. ಅಗ್ನಿಶಾಮಕದವರು ಮಹಡಿಯ ಕೊಳವೆಗೆ ಮೆದುಗೊಳವೆ ಜೋಡಿಸಿದರೆ ನೀರು ಸಣ್ಣಗೆ ಬಂತು. ಒತ್ತಡ ತಗ್ಗಿಸುವ ಕವಾಟಗಳನ್ನು ತೀರಾ ಕಡಿಮೆಗೆ ತಿರುಗಿಸಿ ಇಡಲಾಗಿತ್ತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕಟ್ಟಡ ಕುಸಿದೀತೆಂಬ ಭಯದಿಂದ ಉಳಿದವರನ್ನು ಹೊರಗೆ ಕರೆಸಿಕೊಂಡರು.

ಬೆಂಕಿ ಹದಿನೆಂಟು ಗಂಟೆಗೂ ಹೆಚ್ಚು ಕಾಲ ಮಹಡಿಯಿಂದ ಮಹಡಿಗೆ ಏರುತ್ತಾ ಹೋಯಿತು. ನಿಂತದ್ದು 30ನೇ ಮಹಡಿಯಲ್ಲಿ. ಯಾಕೆಂದರೆ ಆ ಮಹಡಿಗೆ ಸ್ಪ್ರಿಂಕ್ಲರ್ ಹಾಕಲಾಗಿತ್ತು. ಬೆಂಕಿ ನುಗ್ಗಿದ ಜಾಗಗಳಲ್ಲಿ ಒಟ್ಟು ಹತ್ತು ಮೂತಿಗಳು ತೆರೆದುಕೊಂಡವು. ಹತ್ತೇ ಹತ್ತು! ಅವುಗಳಿಗೆ ನೀರು ಕೊಟ್ಟದ್ದು ಕಟ್ಟಡದ ಪಂಪಲ್ಲ, ಕೆಳಗೆ ಬೀದಿಯಲ್ಲಿ ನಿಂತು ನೀರು ಒತ್ತುತ್ತಿದ್ದ ಅಗ್ನಿಶಾಮಕ ವಾಹನಗಳು.

ಫೆಬ್ರವರಿ 23 ಬೆಂಗಳೂರಿಗೂ ನೋವಿನ ದಿನ. 2010ರಲ್ಲಿ ಅದೇ ದಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡು 9 ಜನ ತೀರಿಕೊಂಡರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಹೊಗೆ. ಹೊಗೆಯ ದಾರಿ, ಮೆಟ್ಟಿಲಿನ ಬಾಗಿಲು ಇವುಗಳ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ, ಇಲ್ಲಿ ನೀರಿನ ಮಾತು ಮುಗಿಸುತ್ತೇನೆ.

ಅಮೆರಿಕದ ಅಂಕಿಅಂಶಗಳಲ್ಲಿ, ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ಕೈಕೊಟ್ಟ ಪ್ರಕರಣಗಳ ಪೈಕಿ ಅರ್ಧಕ್ಕೂ ಹೆಚ್ಚಿನವಕ್ಕೆ ಕಾರಣ ಒಂದೇ: ಯಾರೋ ಮೊದಲೇ ಅದನ್ನು ಬಂದ್ ಮಾಡಿಟ್ಟಿದ್ದರು. ಯಂತ್ರ ಕೆಟ್ಟದ್ದಲ್ಲ, ಕವಾಟ ಮುಚ್ಚಿದ್ದು. ನಮ್ಮಲ್ಲೂ ಇಂಥದ್ದು ನಡೆದಿತ್ತು. ಮೊದಲಿದ್ದ ನಿರ್ವಹಣೆ ಗುತ್ತಿಗೆಯವರು ರಾತ್ರಿ ಜಾಕಿ ಸದ್ದು ಮಾಡುತ್ತದೆ ಎಂದು ಮೂರೂ ಪಂಪಿನ ಸ್ವಿಚ್ಚನ್ನು ‘ಆಟೋ’ದಿಂದ ತೆಗೆದು ‘ಮ್ಯಾನುಯಲ್’ಗೆ ತಿರುಗಿಸಿಟ್ಟಿದ್ದರು. ಅಂದರೆ ಯಾರಾದರೂ ಓಡಿಬಂದು ಗುಂಡಿ ಒತ್ತಿದರೆ ಮಾತ್ರ ಪಂಪ್. ನೋಡಲು ಎಲ್ಲ ಸರಿಯಾಗಿಯೇ ಇತ್ತು, ದೀಪ ಕೂಡ ಉರಿಯುತ್ತಿತ್ತು. ಎಷ್ಟು ದಿನದಿಂದ ಹಾಗಿತ್ತೋ ದೇವರೇ ಬಲ್ಲ.

ಈಗ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ಕಾವಲುಗಾರರು ಪರೀಕ್ಷೆಯ ನಲ್ಲಿಯನ್ನು ಸ್ವಲ್ಪ ತೆರೆಯುತ್ತಾರೆ. ಒತ್ತಡದ ಮುಳ್ಳು 7ರಿಂದ 6ರ ಕಡೆಗೆ ಬಂದರೆ ಜಾಕಿ ಏಳಬೇಕು. ಇನ್ನೂ ತೆರೆದರೆ ದೊಡ್ಡದು. ಅದನ್ನು ಬೇಕೆಂದೇ ಆರಿಸಿದರೆ ಡೀಸೆಲ್. ಹೊರಬಂದ ನೀರು ಚರಂಡಿಗೆ ಹೋಗದೆ ಮತ್ತೆ ತೊಟ್ಟಿಗೇ ಹೋಗುವಂತೆ ಕೊಳವೆಯಿದೆ. ಶಾಲೆ ರಜೆಯಿದ್ದರೆ ಹತ್ತಾರು ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ಮುಳ್ಳನ್ನು ಓದುವುದು, ಡೀಸೆಲ್ ಎಷ್ಟಿದೆ ನೋಡುವುದು, ಸ್ವಿಚ್ಚು ‘ಆಟೋ’ದಲ್ಲಿದೆಯೇ ಎಂದು ಕೂಗಿ ಹೇಳುವುದು ಅವರ ಕೆಲಸ, ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನದು. ನಿಮ್ಮ ಕಟ್ಟಡದಲ್ಲೂ ದೊಡ್ಡವರ ಜೊತೆ ಹೋಗಿ ನೋಡಬಹುದು. ಯಾವುದನ್ನೂ ಮುಟ್ಟಬೇಡಿ, ಕಣ್ಣಿನಿಂದ ನೋಡಿದರೆ ಸಾಕು. ಮನೆಯಲ್ಲಿ ಸೂರಿನ ಮೂತಿಗೆ ಬಟ್ಟೆ ಒಣಗಿಸುವ ದಾರವಾಗಲಿ ಹುಟ್ಟುಹಬ್ಬದ ಬಲೂನಾಗಲಿ ಕಟ್ಟಬೇಡಿ, ಬಣ್ಣ ಬಳಿಯುವವರು ಬಂದರೆ ಅದರ ಮೇಲೆ ಬ್ರಷ್ ಆಡಿಸದಂತೆ ಹೇಳಿ. ಬಣ್ಣ ಮೆತ್ತಿದರೆ ಅದು ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳದೆ ಹೋಗಬಹುದು.

ಫಿಲಡೆಲ್ಫಿಯಾದಲ್ಲಿ ಬೀದಿಯ ವಾಹನಗಳ ನೀರು ಒಳಗೆ ಹೋಗಲು ಗೋಡೆಯಲ್ಲೊಂದು ದ್ವಾರ ಇದ್ದಂತೆ ನಮ್ಮ ಗೇಟಿನ ಬಲಕ್ಕೂ ಒಂದಿದೆ. ನಾಲ್ಕು ಬಾಯಿ, ಪ್ರತಿ ಬಾಯಿಗೂ ಸರಪಳಿ ಕಟ್ಟಿದ ಮುಚ್ಚಳ. ನಮ್ಮ ತೊಟ್ಟಿ ಖಾಲಿಯಾದರೆ, ಪಂಪ್ ಮೂರೂ ಮಲಗಿದರೆ, ಅಗ್ನಿಶಾಮಕ ದಳದವರು ತಮ್ಮ ನೀರನ್ನು ಒಳಗೆ ನೂಕುವುದು ಅಲ್ಲಿಂದ. ಅದರ ಎದುರು ಸದಾ ಎರಡು ಬೈಕು ನಿಂತಿರುತ್ತಿದ್ದವು. ಹೇಳಿ ಹೇಳಿ ಸಾಕಾಗಿ ಮಕ್ಕಳೇ ಹೋದ ದೀಪಾವಳಿಯ ರಜೆಯಲ್ಲಿ ಅಲ್ಲಿ ನೆಲದ ಮೇಲೆ ಹಳದಿ ಬಣ್ಣದ ಚೌಕ ಬರೆದು, ಒಳಗೆ ದೊಡ್ಡದಾಗಿ ‘ಬೆಂಕಿ ವಾಹನದ ಜಾಗ’ ಎಂದು ಬರೆದಿದ್ದಾರೆ. ‘ವಾ’ ಅಕ್ಷರ ಸ್ವಲ್ಪ ಓರೆಯಾಗಿದೆ. ಬೈಕುಗಳು ಈಗ ಅಲ್ಲಿ ನಿಲ್ಲುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲುತ್ತಿವೆ, ಆ ತಕರಾರು ಮುಂದಿನ ಭಾನುವಾರದ ಸಭೆಗೆ ಬಂದಿದೆ.